ಗೇಟು ಹಿಡಿದ ಕೈ

ಸೆಪ್ಟೆಂಬರ್ 28, ಸೋಮವಾರ. ಬೆಳಿಗ್ಗೆ 8

ವಾರದ ಉಪವಾಸ. ಸಂಜೆವರೆಗೆ ನೀರು ಮಾತ್ರ. ಐದಕ್ಕೆ ಎದ್ದೆ, ದೀಪ ಹಚ್ಚಿದೆ, ಮೂರೂ ಹಸು ಕರೆದು ಕ್ಯಾನನ್ನು ಗೇಟಿನ ಹತ್ತಿರ ಇಟ್ಟೆ. ಹಾಲಿನ ವ್ಯಾನಿನವನು ಹಾರ್ನ್ ಒತ್ತಿ ಒತ್ತಿ ಕೋಳಿಗಳಿಗೆಲ್ಲ ಗಾಬರಿ ಹುಟ್ಟಿಸಿ ಹೋದ.

ಬಿಸಿಲು ಮೆತ್ತಗಾಗಿದೆ. ಬೇಲಿಯಾಚೆ ಮರಗಳು ಎಲೆ ಉದುರಿಸುತ್ತಿವೆ. ಕುರಿಮಂದೆಗೆ ಟಗರು ಬಿಡುವ ಕಾಲ ಬಂತು.

ಈ ಸಲ ಎಲ್ಲ ನಾನೂ ಮಗಳೂ. ಇವರು ಆಗಸ್ಟಿನಲ್ಲಿ ಹುಲ್ಲಿನ ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡರು, ಮೂರು ವಾರ ಆಸ್ಪತ್ರೆ. ಈಗ ಊರುಗೋಲು ಹಿಡಿದು ಜಗುಲಿವರೆಗೆ ಬರುತ್ತಾರೆ. ಕಾಲಿಗೆ ರಜೆ, ಬಾಯಿಗೆ ಎರಡು ಪಾಳಿ. "ಗೊರಸು ಅಷ್ಟು ಕತ್ತರಿಸಬೇಡ!" "ಅದರ ಹಲ್ಲು ನೋಡಿದ್ಯಾ?" ಮಗಳು ಕತ್ತರಿ ಎತ್ತಿ ತೋರಿಸಿ, "ಅಪ್ಪಾ, ನಿಮ್ಮ ಉಗುರೂ ಬೆಳೆದಿದೆ, ಮುಂದಿನ ಸರದಿ ನಿಮ್ದೇ" ಅಂದಳು. ಇವರು ಕಾಲನ್ನು ಕಂಬಳಿಯೊಳಗೆ ಎಳೆದುಕೊಂಡರು.

ಅವಳು ಇಪ್ಪತ್ತೈದು ವರ್ಷದವಳು. ಈ ಮಂದೆ ನಾನೇ ನೋಡಿಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಬರುವ ವಸಂತದ ಮರಿಗಳು ನೆಟ್ಟಗೆ ಹುಟ್ಟಿದರೆ ಮಂದೆ ಅವಳದೇ ಎಂದು ಅಪ್ಪ ಮಾತು ಕೊಟ್ಟಿದ್ದಾರೆ. ಇಲ್ಲದಿದ್ದರೆ ಮಾರಿಬಿಡುವುದು. ಮುರಿದ ಸೊಂಟ ಇಟ್ಟುಕೊಂಡು ಇನ್ನೊಂದು ಕೆಟ್ಟ ವರ್ಷ ಎಳೆಯಲಾರೆ ಎನ್ನುತ್ತಾರೆ.

ದೇವರೇ, ನೋಡಿಕೋ.

ಸೆಪ್ಟೆಂಬರ್ 29

ಮಂದೆ ವಿಂಗಡಿಸಿದೆವು. ಹಲ್ಲು, ಕೆಚ್ಚಲು, ಗೊರಸು. ನಲವತ್ತೊಂದು ಹೆಣ್ಣು ಕುರಿ ಟಗರಿಗೆ. ಆರು ಮುದಿ ಕುರಿ ವ್ಯಾಪಾರಿಗೆ.

ಆರರಲ್ಲಿ ಬಾಟ್ಲಿಯೂ ಇದ್ದಳು. ತಾಯಿ ಸತ್ತ ಮರಿ, ಬಾಟಲಿ ಹಾಲು ಕುಡಿದು ಬೆಳೆದದ್ದು, ಅದಕ್ಕೇ ಆ ಹೆಸರು. ಈಗ ಎಂಟು ವರ್ಷ. ಮುಂದಿನ ಹಲ್ಲು ಮೂರೇ ಉಳಿದಿವೆ.

"ಅದನ್ನ ಯಾಕೆ ವ್ಯಾಪಾರಿ ಗಾಡಿಯಿಂದ ಇಳಿಸಿಕೊಂಡೆ? ಹುಲ್ಲು ಕಡಿಯೋಕಾಗಲ್ಲ ಅದಕ್ಕೆ" ಅಂದರು ಇವರು.

"ಹಿಟ್ಟು ಕಲಸಿ ಇಡ್ತೀನಿ."

"ನನಗೆ ಗಂಜಿ, ಅದಕ್ಕೆ ಹಿಟ್ಟು. ಹಲ್ಲಿಲ್ಲದವರ ಮನೆ ಆಯ್ತು ಇದು."

ನಕ್ಕು ಬಿಟ್ಟೆ. ಕಾರಣ ಹೇಳಲಿಲ್ಲ. ಇಲ್ಲೂ ಬರೆಯುವುದಿಲ್ಲ ಇವತ್ತು.

ಅಕ್ಟೋಬರ್ 1

ದೊರೆಯನ್ನು ಮಂದೆಗೆ ಬಿಟ್ಟೆವು. ದೊರೆ ಎಂದರೆ ನಮ್ಮ ಟಗರು. ನಡಿಗೆ ನೋಡಿದರೆ ಆ ಹೆಸರು ಯಾಕೆಂದು ಯಾರೂ ಕೇಳುವುದಿಲ್ಲ.

ಇವರು ಕುರ್ಚಿಯಲ್ಲಿ ಕೂತು ಹಳದಿ ಪುಡಿಗೆ ಎಣ್ಣೆ ಹಾಕಿ ಕಲಸಿದರು. ಮಗಳು ಕೊಂಬು ಹಿಡಿದಳು, ನಾನು ಎದೆಗೆ ಬಳಿದೆ. ಅದು ಯಾವ ಕುರಿಯನ್ನು ಹಾರುತ್ತದೋ ಆ ಕುರಿಯ ಹಿಂಬದಿಗೆ ಹಳದಿ ಹತ್ತುತ್ತದೆ. ಹದಿನೇಳು ದಿನಕ್ಕೆ ಬಣ್ಣ ಬದಲಿಸಿ ಕೆಂಪು. ಗಬ್ಬ ನಿಂತಿದ್ದರೆ ಕುರಿ ಮತ್ತೆ ಬೆದೆಗೆ ಬರುವುದಿಲ್ಲ, ಹಳದಿಯಲ್ಲೇ ಉಳಿಯುತ್ತದೆ. ನಿಲ್ಲದಿದ್ದರೆ ಹಳದಿಯ ಮೇಲೆ ಕೆಂಪು. ಅತ್ತೆಯ ಕಾಲದಿಂದ ಇದೇ ಲೆಕ್ಕ.

ರವಿಕೆ, ಸೆರಗು, ಹಣೆ, ಎಲ್ಲ ಹಳದಿ. "ಅಮ್ಮ, ದೊರೆ ಇವತ್ತು ನಿನ್ನೂ ಬಿಡಲಿಲ್ಲ" ಅಂದಳು ಬಾಯಿಹರಕಿ ಮಗಳು. ಒಂದು ಏಟು ಹಾಕಿದೆ. ನಗುತ್ತಲೇ.

ಅಕ್ಟೋಬರ್ 9

ಮೂವತ್ತು ಹಳದಿ! ಗುಡ್ಡದ ಮೇಲೆ ಹೂವು ಚೆಲ್ಲಿದ ಹಾಗಿದೆ. ಸಂಜೆ ಪ್ರಾರ್ಥನೆಯಲ್ಲಿ ಬೇಡುವುದಕ್ಕೆ ಏನೂ ನೆನಪಾಗಲಿಲ್ಲ. ಸುಮ್ಮನೆ ಕೂತಿದ್ದೆ.

ಅಕ್ಟೋಬರ್ 18

ಕೆಂಪು ಬಳಿದೆವು. ಇವತ್ತು ಬೇರೆ ಕೆಲಸ ಬಹಳ — ಸೌದೆ, ಹುಲ್ಲು, ದೊಡ್ಡಿಯ ಮಾಡಿಗೆ ತಗಡು. ಬೆನ್ನು ಬಿದ್ದುಹೋಯಿತು.

ಅಕ್ಟೋಬರ್ 20

ನಾಲ್ಕು ಹಳದಿ ಕುರಿಗಳ ಮೇಲೆ ಕೆಂಪು. ನಾಲ್ಕು ತಾನೇ. ಪ್ರತಿ ವರ್ಷವೂ ಇರುತ್ತದೆ.

ಅಕ್ಟೋಬರ್ 24

ಹತ್ತೊಂಬತ್ತು.

ಮಗಳು ಎರಡು ಸಲ ಎಣಿಸಿ ಬೇಲಿಗೆ ಒರಗಿ ನಿಂತುಬಿಟ್ಟಳು. ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ದನದ ಡಾಕ್ಟರು, ಸಣ್ಣ ಆಳು, ದೊಡ್ಡ ಬೂಟು. ಬಂದು ದೊರೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಕೈ ತೊಳೆಯುತ್ತಾ ಕೇಳಿದರು:

"ಒಂದೆರಡು ತಿಂಗಳ ಹಿಂದೆ ಇದಕ್ಕೆ ಜ್ವರ ಏನಾದ್ರೂ ಬಂದಿತ್ತಾ?"

"ಇಲ್ಲ" ಅಂದಳು ಮಗಳು.

"ಬಂದಿತ್ತು" ಅಂದೆ ನಾನು.

ಆಗಸ್ಟ್ ಕೊನೆ. ಇವರು ಆಸ್ಪತ್ರೆಯಲ್ಲಿ, ನೋಡಿಕೊಳ್ಳಲು ಮಗಳೂ ಅಲ್ಲೇ. ದೊರೆಯ ಕಾಲು ಬಾತು ಮೈ ಕೆಂಡ. ಮೂರು ದಿನ ಅದರ ಪಕ್ಕ ಕೂತು ಉಪವಾಸ ಮಾಡಿದೆ, ಪ್ರಾರ್ಥಿಸಿದೆ, ಒದ್ದೆ ಬಟ್ಟೆ ಹಾಕಿದೆ. ನಾಲ್ಕನೇ ದಿನ ಕಾಲು ಒಡೆದು ಕೀವು ಹೋಯಿತು, ಎದ್ದು ನಿಂತಿತು. ದೇವರು ಕೇಳಿದ ಎಂದುಕೊಂಡೆ. ಡಾಕ್ಟರಮ್ಮನನ್ನು ಕರೆಯಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಈ ಮನೆಯಲ್ಲಿ ಆಗ ಇನ್ನೊಂದು ಕೆಟ್ಟ ಸುದ್ದಿಗೆ ಜಾಗವಿರಲಿಲ್ಲ.

"ಜ್ವರ ಇಳಿದ್ರೂ ಎರಡು ತಿಂಗಳು ಬೀಜಕ್ಕೆ ಜೀವ ಇರಲ್ಲಮ್ಮ. ಹಾರುತ್ತೆ, ಬಣ್ಣ ಹತ್ತುತ್ತೆ, ಅಷ್ಟೇ. ಸರಿಹೋಗುತ್ತೆ, ಆದ್ರೆ ನಿಧಾನ. ಕಾಯ್ತಾ ಕೂತ್ರೆ ನಿಮ್ಮ ಮರಿಗಳು ಹುಲ್ಲು ಒಣಗಿದ ಮೇಲೆ ಹುಟ್ಟುತ್ತವೆ. ಈ ವಾರದೊಳಗೆ ಬೇರೆ ಟಗರು ತನ್ನಿ."

ಈ ಕಾಲದಲ್ಲಿ ಯಾರ ಟಗರು ಖಾಲಿ ಇರುತ್ತದೆ? ಎರಡು ಟಗರು ಸಾಕಿರುವವರು ಒಬ್ಬರೇ. ಗುಡ್ಡದ ಆಚೆ. ನನ್ನ ವಾರಗಿತ್ತಿ.

ಆರು ವರ್ಷವಾಯಿತು ಅವಳೊಂದಿಗೆ ಮಾತಾಡಿ.

ಅಕ್ಟೋಬರ್ 25

ಬೆಳಿಗ್ಗೆ ಇವರಿಗೆ ದೊರೆಯ ಜ್ವರದ ವಿಷಯ ಎಲ್ಲ ಹೇಳಿದೆ. ಗಂಜಿ ಬಟ್ಟಲು ಕೆಳಗಿಟ್ಟರು. ನಾನು ನೆಲ ನೋಡುತ್ತಿದ್ದೆ.

"ಬಿದ್ದಾಗ ನಂಗೂ ಜ್ವರ ಬಂದಿತ್ತು. ನನ್ನನ್ನ ಮಾತ್ರ ಡಾಕ್ಟರ ಹತ್ರ ಹಾಕಿದೆ. ದೊರೆಗ್ಯಾಕೆ ಬರೀ ಪ್ರಾರ್ಥನೆ?"

"ನಿಮ್ಮನ್ನ ಆಂಬುಲೆನ್ಸ್‌ನೋರು ಎತ್ಕೊಂಡು ಹೋದ್ರು ರೀ. ನನ್ನ ಕೇಳಿದ್ರಾ?"

ಬಟ್ಟಲು ಮತ್ತೆ ಕೈಗೆತ್ತಿಕೊಂಡರು. ಆಮೇಲೆ — "ಒಬ್ಬಳೇ ಇದ್ದೆ. ಬಿಡು. ಅವಳಿಗೆ ಬರೆ."

"ನಿಮ್ಮ ತಮ್ಮನಿಗೆ ನೀವು ಫೋನ್ ಮಾಡಿ."

"ಆ ಮನೆ ಟಗರು ಅವಳದು. ಮಾತು ಬಿಟ್ಟಿದ್ದೂ ನೀವಿಬ್ಬರು. ನಾವಿಬ್ಬರೂ ಸಂತೇಲಿ ಸಿಕ್ರೆ ಈಗ್ಲೂ ಬೀಡಿ ಹಂಚ್ಕೋತೀವಿ ಕಣೆ."

ಇದು ನನಗೆ ಹೊಸ ಸುದ್ದಿ. ಬೀಡಿಯ ವಿಚಾರ ಆಮೇಲೆ ನೋಡಿಕೊಳ್ಳುತ್ತೇನೆ.

ಅಕ್ಟೋಬರ್ 26, ಸೋಮವಾರ

ಉಪವಾಸ. ಫೋನಿನಲ್ಲಿ ನನಗೆ ಬಾಯಿ ಬರುವುದಿಲ್ಲ. ನಾಲ್ಕು ಹಾಳೆ ಹರಿದು, ಐದನೆಯದರಲ್ಲಿ ಎರಡು ಸಾಲು ಬರೆದೆ. 'ನಮ್ಮ ಟಗರು ಕೈಕೊಟ್ಟಿದೆ. ನಿನ್ನದೊಂದನ್ನು ಕೆಲವು ದಿನ ಕಳಿಸುತ್ತೀಯಾ?' ವ್ಯಾನಿನವನು ಎರಡೂ ಮನೆಯ ಹಾಲು ಒಯ್ಯುತ್ತಾನೆ. ಅವನ ಕೈಗೆ ಕೊಟ್ಟೆ. ಮಡಿಸಿದ ಚೀಟಿಯನ್ನೂ ನನ್ನ ಮುಖವನ್ನೂ ನೋಡಿ, ಮೊದಲ ಸಲ ಹಾರ್ನ್ ಒತ್ತದೆ ಹೋದ.

ಅಕ್ಟೋಬರ್ 28

ಹಾಲಿನ ಕ್ಯಾನುಗಳ ನಡುವೆ ಟಗರು! ಕಪ್ಪು ಮೂತಿ, ಮದುವೆಗೆ ಹೊರಟ ಗಂಡಿನ ಬಿಗುಮಾನ.

"ಅಕ್ಕಾ, ದಾರಿ ಪೂರ್ತಿ ನನ್ನ ಸೀಟಿಗೆ ಗುದ್ದಿದೆ. ಇದನ್ನ ನಮ್ಮ ಡೇರಿಯೋರಿಗೆ ಹೇಳಿದ್ರೆ ನನ್ನ ಕೆಲಸ ಹೋಗುತ್ತೆ, ನೋಡ್ಕೊಳಿ."

ಕೊಂಬಿಗೆ ಚೀಟಿ ಕಟ್ಟಿತ್ತು. 'ಅಕ್ಕ, ಇವನು ಕರಿಮೂತಿ. ಸಾಕಾಗುವವರೆಗೂ ಇರಲಿ. ಬಾವನ ಸೊಂಟ ಹೇಗಿದೆ?'

ಅಷ್ಟೇ. ಒಂದು ಕೊಂಕು ಇಲ್ಲ. ಒಂದು ಷರತ್ತಿಲ್ಲ. ಅಕ್ಕ ಎಂದು ಬರೆದಿದ್ದಾಳೆ.

ದೊರೆಯನ್ನು ಹೊರಗೆ ಕಟ್ಟಿ, ಕರಿಮೂತಿಗೆ ನೀಲಿ ಬಳಿದು ಬಿಟ್ಟೆವು. ದೊರೆ ರಾತ್ರಿ ಮೇವು ಮುಟ್ಟಲಿಲ್ಲ. ನಾನೂ.

ನವೆಂಬರ್ 3

ಬರೆದೇ ಬಿಡುತ್ತೇನೆ.

ಅತ್ತೆ ತೀರಿಕೊಂಡ ಮೇಲೆ ಮಂದೆ ಭಾಗವಾಯಿತು. ಈ ಮನೆಯಲ್ಲಿ ಆರಿಸಿಕೊಳ್ಳುವ ಹಾಗಿಲ್ಲ. ದೊಡ್ಡಿಯ ಗೇಟು ಒಂದು ಕುರಿ ದಾಟುವಷ್ಟೇ ತೆರೆಯುವುದು. ಮೊದಲು ಬಂದದ್ದು ದೊಡ್ಡವರಿಗೆ, ಎರಡನೆಯದು ಚಿಕ್ಕವರಿಗೆ, ಹೀಗೇ ಕೊನೆವರೆಗೆ. ಬಂದದ್ದು ದೇವರು ಕೊಟ್ಟದ್ದು. ಅವತ್ತು ಗೇಟು ಹಿಡಿದವಳು ನಾನು.

ಬಾಟ್ಲಿಗೆ ಆಗ ಎರಡು ವರ್ಷ. ಹಾಲು ಕುಡಿಸಿ ಬೆಳೆಸಿದವಳು ವಾರಗಿತ್ತಿ. ಅವಳಿಗೆ ಮಕ್ಕಳಿಲ್ಲ. ಬಾಟ್ಲಿ ಅವಳ ಸೆರಗು ಕಚ್ಚಿಕೊಂಡು ಅಂಗಳವೆಲ್ಲ ಸುತ್ತುತ್ತಿತ್ತು. ಅವತ್ತು ಸರದಿ ಅವರದು, ಗೇಟಿಗೆ ಬಂದದ್ದು ಬಾಟ್ಲಿ. ನಾನು ಗೇಟನ್ನು ಒಂದು ಗಳಿಗೆ ಒತ್ತಿ ಹಿಡಿದೆ. ಪಕ್ಕದ ಕುರಿ ನುಗ್ಗಿ ಅವರ ಕಡೆ ಹೋಯಿತು. ಬಾಟ್ಲಿ ನಮ್ಮ ಕಡೆ ಬಂತು.

ಯಾಕೆ? ಮೊದಲ ಸಲವೇ ಅವಳಿ ಹಾಕಿದ ಕುರಿ. ಅದಕ್ಕೆ ಎಂದುಕೊಂಡಿದ್ದೆ ಇಷ್ಟು ದಿನ. ಅದಲ್ಲ. ಅತ್ತೆಗೆ ಕೊನೆಯ ದಿನಗಳಲ್ಲಿ ಅವಳ ಕೈಯ ನೀರೇ ಬೇಕಿತ್ತು. ನನಗೆ ಹೊಟ್ಟೆ ಉರಿದಿತ್ತು.

ಅವಳು ನನ್ನ ಕೈ ನೋಡಿದಳು. ವಾರದ ನಂತರ ಒಂದೇ ಸಲ ಕೇಳಿದಳು — "ಅಕ್ಕ, ಬಾಟ್ಲಿನ ಕೊಡಿ, ಬದಲಿಗೆ ಎರಡು ಕುರಿ ಕೊಡ್ತೀನಿ." ನಾನಂದದ್ದು: "ದೇವರು ಕೊಟ್ಟಿದ್ದನ್ನ ಬದಲಾಯಿಸೋಕೆ ನಾವ್ಯಾರು?"

ಆಮೇಲೆ ಅವಳು ಮಾತು ಬಿಟ್ಟಳು. ಆರು ವರ್ಷ ದೀಪ ಹಚ್ಚಿದ್ದೇನೆ, ಪ್ರತಿ ವಾರ ಹಸಿದಿದ್ದೇನೆ. ದೇವರ ಹೆಸರಿನಲ್ಲಿ ಹೇಳಿದ ಆ ಸುಳ್ಳನ್ನು ಒಂದು ದಿನವೂ ಅವನ ಮುಂದೆ ತೆಗೆದಿಟ್ಟಿಲ್ಲ.

ಇವರಿಗೆ ಗೊತ್ತಿಲ್ಲ. ಮಗಳಿಗೆ ಗೊತ್ತಿಲ್ಲ. ನನ್ನ ಮನೆಯ ಬಾಗಿಲಲ್ಲಿ ಅವಳ ಟಗರು ನಿಂತಿದೆ.

ನವೆಂಬರ್ 14

ನೀಲಿ ತೆಗೆದು ಹಸಿರು. ಮೂವತ್ತಾರು ಕುರಿ ನೀಲಿಯಾಗಿವೆ. ಉಳಿದ ಐದಕ್ಕೆ ದೊರೆಯಿಂದಲೇ ಗಬ್ಬ ನಿಂತಿರಬೇಕು. "ಮರ್ಯಾದೆ ಉಳಿಸಿಕೊಂಡ" ಎಂದು ಇವರು ಅದಕ್ಕೆ ಒಂದು ಹಿಡಿ ಕಾಳು ಹೆಚ್ಚು ಹಾಕಿದರು. ಊರುಗೋಲು ಗೋಡೆಗೆ ಒರಗಿಸಿಟ್ಟು, ಹತ್ತು ಹೆಜ್ಜೆ ನಡೆದು ಹೋಗಿ ಹಾಕಿದರು! ಯಾರೂ ಬಾಯಿ ಬಿಡಲಿಲ್ಲ, ದೃಷ್ಟಿ ತಾಗೀತೆಂದು.

ನವೆಂಬರ್ 20

ಆರು ದಿನವಾಯಿತು. ದೊರೆಯ ಸಲ ಆರು ದಿನಕ್ಕೆ ಹತ್ತೊಂಬತ್ತು ತಿರುಗಿದ್ದವು. ಈ ಸಲ ಹಸಿರು ಎರಡೇ. ಪೂರ್ತಿ ತಿಳಿಯಲು ಇನ್ನೂ ಹತ್ತು ದಿನ ಬೇಕು. ಆದರೂ ಮಗಳು ದೊಡ್ಡಿಯ ಹಿಂದೆ ಹೋಗಿ ಯಾರೂ ನೋಡುತ್ತಿಲ್ಲವೆಂದು ಒಂದು ಸುತ್ತು ಕುಣಿದಳು. ಇವರು ಜಗುಲಿಯಿಂದ ನೋಡಿದರು. ನಾನು ಅಡುಗೆಮನೆ ಕಿಟಕಿಯಿಂದ.

ಇವರು ಮೆಲ್ಲಗೆ, "ಮಾರೋ ಮಾತು ಇನ್ನಿಲ್ಲ ಕಣೆ" ಅಂದರು.

ನವೆಂಬರ್ 21

ಬಾಟ್ಲಿಯ ಮೈ ಉಜ್ಜಿ ತೊಳೆದು ಹಾಲಿನ ವ್ಯಾನಿಗೆ ಹತ್ತಿಸಿದೆ. ಕರಿಮೂತಿ ಇನ್ನೂ ಹತ್ತು ದಿನ ಇಲ್ಲಿರಲಿ, ಬಾಟ್ಲಿ ಮುಂದೆ ಹೋಗಲಿ. ಚೀಟಿ ಒಂದೇ ಸಲಕ್ಕೆ ಬರೆದೆ, ಹಾಳೆ ಹರಿಯಲಿಲ್ಲ. 'ಅವತ್ತು ಗೇಟು ಒತ್ತಿ ಹಿಡಿದದ್ದು ನಾನು. ದೇವರಲ್ಲ. ಇವಳು ನಿನ್ನವಳು. ಹಲ್ಲು ಹೋದ ಮೇಲೆ ಕಳಿಸುತ್ತಿದ್ದೇನೆ, ಅದೂ ನನ್ನ ತಪ್ಪೇ. ಹಿಟ್ಟನ್ನು ಬೆಚ್ಚಗಿನ ನೀರಿನಲ್ಲಿ ಕಲಸು. ವಸಂತದಲ್ಲಿ ಮರಿ ಹಾಕುವಾಗ ಬರುತ್ತೀಯಾ?'

ಮಗಳು ಕೇಳಿದಳು, "ಬಾಟ್ಲಿನ ಯಾಕಮ್ಮ ಕಳಿಸ್ತಿದ್ದೀಯ?"

"ಸಾಲ ತೀರಿಸೋಕಲ್ಲ. ಅವಳದೇ ಅದು" ಅಂದೆ. ಅರ್ಥವಾಗದೆ ನೋಡಿದಳು.

ನವೆಂಬರ್ 22

ವ್ಯಾನಿನವನನ್ನು ಗೇಟಿನಲ್ಲೇ ಹಿಡಿದೆ.

"ಏನಂದ್ಲು?"

"ಮೊದಲು ಕುರಿ ಇಳಿಸಿದೆ ಅಕ್ಕಾ. ಅದು ಅವರ ದನಿ ಕೇಳ್ತಿದ್ದ ಹಾಗೇ ಓಡಿ ಹೋಗಿ ಸೆರಗು ಕಚ್ಕೊಂಡ್ತು. ಆರು ವರ್ಷ ಆಯ್ತಂತೆ?"

"ಚೀಟಿ?"

"ಓದಿದ್ರು. ಇನ್ನೊಂದ್ಸಲ ಓದಿದ್ರು. ಆಮೇಲೆ ನಂಗೆ ಕಾಫಿ ಕೊಟ್ರು."

"ನಿನ್ನ ಕಾಫಿ ಯಾರು ಕೇಳಿದ್ರೋ!"

"ನಾಳೆ ಉತ್ತರ ಕೊಡ್ತೀನಿ ಅಂದ್ರು. ಸ್ಟ್ರಾಂಗ್ ಕಾಫಿ, ಅಕ್ಕಾ."

ನವೆಂಬರ್ 23, ಸೋಮವಾರ. ಬೆಳಿಗ್ಗೆ 7:10

ಉಪವಾಸ. ದೀಪ ಹಚ್ಚಿದೆ. ಹಾಲು ಕರೆದಾಯಿತು. ಹಸಿರು ಇನ್ನೂ ಎರಡೇ. ಇವರು ಇವತ್ತು ಕೋಲಿಲ್ಲದೆ ಜಗುಲಿಗೆ ಬಂದು ಕೂತಿದ್ದಾರೆ. ಮಗಳು ದೊಡ್ಡಿಯಲ್ಲಿ ಮೇವು ಹರಡುತ್ತಿದ್ದಾಳೆ.

ವ್ಯಾನು ಏಳಕ್ಕೆ ಬರಬೇಕಿತ್ತು. ಕೈ ಸುಮ್ಮನಿರಬಾರದೆಂದು ಬರೆಯುತ್ತಾ ಕೂತಿದ್ದೇನೆ. ಬೇಡ ಎಂದು ಬರೆದಿದ್ದರೂ ಸರಿ, ದೇವರೇ. ಅದು ಅವಳ ಹಕ್ಕು. ಆದರೆ ಕಾಫಿ ಕೊಟ್ಟಳಂತೆ...

ಹಾರ್ನ್. ಒತ್ತಿ ಒತ್ತಿ ಹಿಡಿದಿದ್ದಾನೆ, ಕೋಳಿಗಳೆಲ್ಲ ಹಾರಿದವು.

ಇವರಿಂದ, ಮಗಳಿಂದ ಇನ್ನು ಏನೂ ಮುಚ್ಚಿಡುವುದಿಲ್ಲ. ಕಿಟಕಿಯಿಂದಲೇ ಕೂಗಿದೆ — "ಮಗಳೇ, ಓಡು! ನಿನ್ನ ಚಿಕ್ಕಮ್ಮನ ಚೀಟಿ ಇಸ್ಕೊಂಡು ಬಾ. ಓದಬೇಡ... ಇಲ್ಲ, ಓದು. ಗೇಟಿಂದ್ಲೇ ಗಟ್ಟಿಯಾಗಿ ಓದ್ಕೊಂಡು ಬಾ, ನಿಮ್ಮಪ್ಪಂಗೂ ಕೇಳಿಸ್ಲಿ —"