ಸಂದಿ ತುಂಬಿದವರು

ಗುಡ್ಡದ ಮನೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ, ಆದರೂ ಬರೆದಿದ್ದೇನೆ. ಮಂಡಿನೋವು ಹೇಗಿದೆ? ಅಕ್ಕನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ, ಊಟವಾದ ಮೇಲೆ ನಿದ್ದೆ, ಮೇಲಿಂದ ತಮ್ಮ ಬಂದನೆಂಬ ಉಪಚಾರ. ಮಂಡಿ ಈಗ ನೋವೆಂದರೇನು ಎಂದೇ ಮರೆತಿರಬೇಕು. ನಾವು ಇಲ್ಲಿ ಚೆನ್ನಾಗಿದ್ದೇವೆ. ಅತ್ತೆಯ ಕೆಮ್ಮು ಕಡಿಮೆಯಾಗಿದೆ, ಬೈಗುಳ ಕಡಿಮೆಯಾಗಿಲ್ಲ. ಬೈಯುವುದು ನನ್ನನ್ನಲ್ಲ, ನಿಮ್ಮನ್ನು. ಸದ್ಯಕ್ಕೆ ಈ ಮನೆಯಲ್ಲಿ ಅತ್ತೆ ಸೊಸೆಗೆ ಒಮ್ಮತವಿರುವುದು ಅದೊಂದೇ ವಿಷಯದಲ್ಲಿ.

ನಿಮ್ಮ ಸಿಟ್ಟು ನನಗೆ ಅರ್ಥವಾಗಲಿಲ್ಲ ಎಂದುಕೊಳ್ಳಬೇಡಿ. ಈ ದ್ವೀಪದಲ್ಲಿ ಹಡಗು ಕಟ್ಟಲು ಶುರುವಾದಂದಿನಿಂದ ಒಂದೇ ಪದ್ಧತಿ. ಹೊಸ ಹಡಗು ಮೊದಲ ಸಲ ಆಚೆ ದಡಕ್ಕೆ ಹೊರಟಾಗ ಅದನ್ನು ಕಟ್ಟಿದವರು ಮುಂತುದಿಯಲ್ಲಿ ನಿಲ್ಲಬೇಕು. ಅವರು ನಿಂತರೆ ಜನ ಹತ್ತುತ್ತಾರೆ, ಇಲ್ಲದಿದ್ದರೆ ಇಲ್ಲ. ಕಟ್ಟಿದವರೇ ನಂಬದ ಹಡಗಿಗೆ ಬೇರೆಯವರು ಮಕ್ಕಳು ಮರಿ ಕಟ್ಟಿಕೊಂಡು ಯಾಕೆ ಹತ್ತಬೇಕು? ಇಷ್ಟು ಸರಳವಾದ ಮಾತು ಕಾರ್ಖಾನೆ ಯಜಮಾನರಿಗೆ ತಿಳಿಯಲಿಲ್ಲ. “ಈ ಸಲ ಮುಂದೆ ದೊಡ್ಡ ಅತಿಥಿಗಳು ನಿಲ್ತಾರೆ, ಮೇಸ್ತ್ರಿ ಧಕ್ಕೆ ಮೇಲೆ ನಿಂತು ಚಪ್ಪಾಳೆ ತಟ್ಟಲಿ” ಅಂದರಂತೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವವರುಂಟು, ಇವರು ದಾಟುವ ಮೊದಲೇ ಮರೆತರು. ನೀವು ಮರ ಕೆತ್ತುವ ಬಾಚಿ ಎಸೆದು, ಹಳೆಯ ಲಾಂಚು ಹತ್ತಿ ಆಚೆ ದಡದ ಅಕ್ಕನ ಮನೆ ಸೇರಿಕೊಂಡಿರಿ. ಬಾಚಿ ಎಸೆಯುವವರೆಗೆ ನಾನೂ ನಿಮ್ಮ ಕಡೆಯೇ.

ಆಮೇಲೆ ಏನಾಯಿತು ಎಂದು ಒಮ್ಮೆಯಾದರೂ ಕೇಳಿದಿರಾ? ಆ ಅತಿಥಿಗಳು ಬಂದರು, ಧಕ್ಕೆಯ ಮೇಲೆ ನೆರೆದ ಜನರಲ್ಲಿ ಒಬ್ಬರೂ ಹತ್ತಲು ಅಲುಗಾಡದ್ದನ್ನು ನೋಡಿದರು, ತಾವೂ ಹತ್ತದೆ ಹೋದರು. ಹಡಗು ಹಗ್ಗಕ್ಕೆ ಕಟ್ಟಿದ ಹಾಗೇ ನಿಂತಿದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಿಮ್ಮ ಮತ್ತು ಯಜಮಾನರ ಜಗಳದಲ್ಲಿ ಬಡವಾದದ್ದು ಆ ಹಡಗು. ಮೊದಲೆರಡು ದಿನ ಊರವರು “ಮೇಸ್ತ್ರಿನೇ ಓಡಿಹೋದ ಅಂದ್ರೆ ಏನೋ ಐಬಿದೆ” ಅಂದರು. ಆದರೆ ನಿಮ್ಮ ಹೆಸರು ದೊಡ್ಡದು ನೋಡಿ, ಐಬು ನಿಮ್ಮ ಮೇಲೆ ನಿಲ್ಲಲಿಲ್ಲ, ಜಾರಿ ನಮ್ಮ ತಲೆಗೆ ಬಂತು. ನಿನ್ನೆ ಯಜಮಾನರು ಗುಡ್ಡ ಹತ್ತಿ ಏದುಸಿರು ಬಿಡುತ್ತ ಬಂದವರು, ನಮ್ಮದೇ ಜಗಲಿಯಲ್ಲಿ ಕೂತು, ನಾನು ಕೊಟ್ಟ ನೀರು ಕುಡಿದು, ನನ್ನೆದುರೇ ಹೇಳಿದರು: “ಹಲಗೆ ಕೆಲ್ಸ ಮೇಸ್ತ್ರಿದು, ಅದ್ರಲ್ಲಿ ತಪ್ಪಿರಲ್ಲ. ಸಂದಿ ತುಂಬಿದ್ದು ಹೆಂಗಸರಲ್ವಾ, ಇದ್ರೆ ಅಲ್ಲೇ ಇರ್ಬೇಕು.” ಲೋಟ ಕಿತ್ತುಕೊಳ್ಳಬೇಕು ಅನ್ನಿಸಿತು.

ಹಲಗೆ ಎಷ್ಟೇ ಚೆನ್ನಾಗಿ ಜೋಡಿಸಿದರೂ ಎರಡರ ನಡುವೆ ಸಂದಿ ಇದ್ದೇ ಇರುತ್ತದೆ. ಅದಕ್ಕೆ ಎಣ್ಣೆಯಲ್ಲಿ ನೆನೆದ ಹತ್ತಿನೂಲು ತುರುಕಿ, ಮೊಂಡ ಉಳಿ ಇಟ್ಟು ಮರದ ಕೊಡತಿಯಿಂದ ಬಡಿದು, ಮೇಲೆ ಕಾದ ರಾಳ ಹೊಯ್ಯುವವರು ನಾವು. ಚಳಿಗಾಲ ಪೂರ್ತಿ ಹಡಗಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಬಡಿದಿದ್ದೇವೆ. ನೂಲು ಗಟ್ಟಿಯಾಗಿ ತುಂಬಿದಾಗ ಕೊಡತಿಯ ಸದ್ದೇ ಬೇರೆಯಾಗುತ್ತದೆ. ಆ ಸದ್ದು ಬರುವವರೆಗೆ ನಮ್ಮ ಗುಂಪಿನ ಮುಂದಾಳು ಮೀನಿನಂಗಡಿಯವಳು ಒಂದು ಗೇಣೂ ಮುಂದೆ ಸರಿಯಲು ಬಿಡುತ್ತಿರಲಿಲ್ಲ. ನನ್ನ ಮೊಣಕೈ ಮೇಲಿನ ಸುಟ್ಟ ಕಲೆಗೆ ನೀವೇ ಮುಲಾಮು ಹಚ್ಚಿದ್ದೀರಿ. ಹಾಗಿದ್ದೂ ಯಜಮಾನರ ಎದುರು ಕೂಗಾಡಿದಾಗ ಏನಂದಿರಿ? “ನಾನು ಕಟ್ಟಿದ ಹಡಗು, ನಾನು ಕಟ್ಟಿದ ಹಡಗು.” ಕಾರ್ಖಾನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಅವರು ನಿಮ್ಮನ್ನು ಮರೆತದ್ದಕ್ಕೆ ನಿಮಗೆ ಅಷ್ಟು ಉರಿಯಿತಲ್ಲ, ನೀವು ನಮ್ಮನ್ನು ಮರೆತದ್ದಕ್ಕೆ ನನಗೆಷ್ಟು ಉರಿದಿರಬೇಡ? ನನಗೆ ತುಂಬ ನೋವಾಗಿದೆ, ಸುತ್ತಿ ಬಳಸಿ ಹೇಳುವುದಿಲ್ಲ.

ಈಗ ಯಜಮಾನರು ಹಟ ಬಿಟ್ಟು ಮಣಿದಿದ್ದಾರೆ. “ಮುಂದೆ ಅವ್ರೇ ನಿಂತ್ಕೊಳ್ಳಲಿ, ನೀನೊಂದು ಮಾತು ಬರೀಮ್ಮ” ಅಂದರು. ಬರೆದಿದ್ದೇನೆ. ನೀವು ಬರದಿದ್ದರೆ ಈ ವಾರವೇ ಹಡಗನ್ನು ಮೇಲಕ್ಕೆಳೆದು, ನಾವು ತುಂಬಿದ್ದನ್ನೆಲ್ಲ ಕಿತ್ತು, ಹೊರಗಿನ ಗಂಡಾಳುಗಳಿಂದ ಮತ್ತೆ ತುಂಬಿಸುತ್ತಾರಂತೆ. ಹಾಗಾದ ಮೇಲೆ ಈ ದ್ವೀಪದಲ್ಲಿ ಯಾವ ಹೆಂಗಸಿನ ಕೈಗೂ ಯಾರೂ ಉಳಿ ಕೊಡುವುದಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಈ ಸಲ ಕೋಪ ನಿಮ್ಮದು, ಹೋಗುವ ಮೂಗು ನಮ್ಮದು. ಯೋಚಿಸಿ.

ಅಕ್ಕನಿಗೂ ಭಾವನಿಗೂ ನಮಸ್ಕಾರ ತಿಳಿಸಿ. ತಮ್ಮನಿಗೆ ಇಷ್ಟೊಂದು ಉಪಚಾರ ಬೇಡ, ಕೆಟ್ಟುಹೋಗುತ್ತಾರೆ ಎಂದೂ ತಿಳಿಸಿ. ರಾತ್ರಿ ಮಂಡಿಗೆ ಬಿಸಿ ಬಟ್ಟೆ ಇಟ್ಟುಕೊಳ್ಳಿ.

ಇಂತಿ,
ಸಿಟ್ಟು ಇನ್ನೂ ಇಳಿಯದ
ನಿಮ್ಮ ಮನೆಯವಳು

ತಾ. ಕ.: ಸೋಮವಾರ, ನಿಮ್ಮ ದಡದ ಧಕ್ಕೆಯಿಂದ. ಅವಸರದಲ್ಲಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಇದನ್ನು ಹಳೆಯ ಲಾಂಚಿನ ಅಂಚೆ ಚೀಲಕ್ಕೆ ಹಾಕಲು ಇಳಿದಿದ್ದೆ. ಹೊಸ ಹಡಗಿನ ಪಕ್ಕ ಹಾದುಹೋಗುವಾಗ ಕಾಲು ಮುಂದೆ ಹೋಗಲಿಲ್ಲ. ಹತ್ತಿ ಮುಂತುದಿಯಲ್ಲಿ ನಿಂತೆ. ಹಡಗು ನಡೆಸುವವನು “ಮೇಸ್ತ್ರಿ ಎಲ್ಲಮ್ಮ?” ಅಂದ. “ಕಟ್ಟಿದವರು ಬಂದಾಯ್ತು, ಹಗ್ಗ ಬಿಚ್ಚು” ಅಂದೆ. ಮೀನಿನಂಗಡಿಯವಳು ಅಂಗಡಿ ಬಿಟ್ಟು ಓಡಿಬಂದಳು, ಸಂದಿ ತುಂಬಿದ ಉಳಿದವರೂ ಬಂದರು, ಆಮೇಲೆ ಅತ್ತೆಯೂ ಊರ ಜನರೂ ಹತ್ತಿದರು. ಈ ದಡ ಮುಟ್ಟಿದೆವು, ಒಳಗೆ ಒಂದು ತೊಟ್ಟು ನೀರಿಲ್ಲ. ಪತ್ರ ತರುತ್ತಿರುವವರು ನಿಮ್ಮ ಅಮ್ಮ, ಅವರು ಹೇಳುವುದನ್ನೆಲ್ಲ ನಿಂತು ಕೇಳಿಸಿಕೊಳ್ಳಿ. ಸಂಜೆ ಹಡಗು ವಾಪಸು ಹೊರಡುತ್ತದೆ. ಮುಂತುದಿಯಲ್ಲಿ ಜಾಗವಿಲ್ಲ, ನಾವಿದ್ದೇವೆ. ಹಿಂದೆ ಬೆಂಚಿನ ಮೇಲೆ ಪ್ರಯಾಣಿಕರ ಜೊತೆ ನಿಮಗೊಂದು ಜಾಗ ಹಿಡಿದಿಟ್ಟಿದ್ದೇನೆ, ಬನ್ನಿ.