ನಿಮ್ಮ ವೈದ್ಯರು ಕುರ್ಚಿ ಬದಲಾಯಿಸಿದರು

ಕುಟುಂಬ ವೈದ್ಯರ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ವೈದ್ಯರೊಬ್ಬರು ಸ್ವಂತ ಕತ್ತನ್ನು ಜೋಪಾನ ಮಾಡಿಕೊಂಡರು. ಹನ್ನೆರಡು ವರ್ಷ ಅವರಲ್ಲೇ ಔಷಧ ತೆಗೆದುಕೊಂಡ ರೋಗಿಗೆ ಕುಡಿತದ ಬಗ್ಗೆ ಮಾತ್ರ ಒಂದೇ ಒಂದು ನೆಟ್ಟಗಿನ ಪ್ರಶ್ನೆ ಕೇಳಲಿಲ್ಲ. ಆ ರೋಗಿ ನನ್ನ ತಮ್ಮ. ದೂರು ಇಷ್ಟೇ. ಮುಂದಿನದು ಪುರಾವೆ. ಮುದ್ರೆ ಒತ್ತಿ ಕಪಾಟಿಗೆ ತಳ್ಳುವ ಮೊದಲು ಓದುವ ಕೃಪೆಯಾಗಲಿ.

ನಾನು ಕ್ಷೌರಿಕ. ನಮ್ಮದು ಎರಡು ಕುರ್ಚಿಯ ಅಂಗಡಿ; ಒಂದು ನನ್ನದು, ಇನ್ನೊಂದು ತಮ್ಮನದು. ದಿನಕ್ಕೆ ಇಪ್ಪತ್ತು ಮುಖ ಅಂಗೈಯಲ್ಲಿ ಹಿಡಿಯುವವನಿಗೆ ಬೆಳಿಗ್ಗೆ ಒಂಬತ್ತಕ್ಕೇ ಯಾರ ಬಾಯಿ ನಾರುತ್ತಿದೆ, ಯಾರ ಕಣ್ಣು ಹಳದಿಯಾಗುತ್ತಿದೆ ಎಂದು ತಿಳಿಯಲು ಪದವಿ ಬೇಕಿಲ್ಲ. ನಿಮ್ಮ ವೈದ್ಯರ ಗೋಡೆಯ ಮೇಲೆ ಮೂರು ಪದವಿ ತೂಗುತ್ತಿವೆ. ಆದರೂ ನನ್ನ ತಮ್ಮ ಹೊಟ್ಟೆಯುರಿ ಎಂದರೆ ಗ್ಯಾಸಿಗೆ ಗುಳಿಗೆ, ಕೈ ನಡುಗುತ್ತದೆ ಎಂದರೆ ನರಕ್ಕೆ ಟಾನಿಕ್ಕು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಹನ್ನೆರಡು ವರ್ಷ! ಒಮ್ಮೆ ನಾನೇ ಜೊತೆಗೆ ಹೋಗಿದ್ದೆ. ತಲೆ ಎತ್ತದೆ ಬರೆಯುತ್ತಲೇ, "ಅಭ್ಯಾಸ ಗಿಭ್ಯಾಸ ಏನೂ ಇಲ್ಲ ತಾನೆ?" ಎಂದರು. ಅವನು ಬಾಯಿ ತೆರೆಯುವ ಮೊದಲೇ ಚೀಟಿ ಹರಿದು ಕೈಗಿಟ್ಟರು.

ಪಾಪ, ಗೊತ್ತಾಗಿರಲಿಕ್ಕಿಲ್ಲ ಎಂದು ಕ್ಷಮಿಸುತ್ತಿದ್ದೆ. ಆದರೆ ಇವರು ನಮ್ಮ ಗಿರಾಕಿಯೂ ಹೌದು, ಶನಿವಾರ ಶನಿವಾರ ತಮ್ಮನ ಕುರ್ಚಿಯಲ್ಲೇ ಗಡ್ಡ ತೆಗೆಸುತ್ತಿದ್ದರು. ಹೋದ ವರ್ಷ ಒಂದು ದಿನ ಗಂಟಲ ಹತ್ತಿರ ಕತ್ತಿ ಬಂದಾಗ ತಮ್ಮನ ಕೈ ನಡುಗಿತು. ವೈದ್ಯರು ಕಣ್ಣು ಬಿಟ್ಟರು, ಮೂಗು ಅರಳಿಸಿದರು, ಅರ್ಧ ನೊರೆಯ ಮುಖದಲ್ಲೇ ಎದ್ದು ನನ್ನ ಕುರ್ಚಿಗೆ ಬಂದು ಕೂತರು. "ಇನ್ಮೇಲೆ ನೀನೇ ಮಾಡಪ್ಪ" ಎಂದರು. ಆಹಾ, ಎಂಥ ರೋಗನಿರ್ಣಯ! ರಕ್ತಪರೀಕ್ಷೆಯಿಲ್ಲದೆ, ಅರ್ಧ ನಿಮಿಷದಲ್ಲಿ! ಹಾಗಾದರೆ ಸೋಮವಾರ ಅದೇ ಕೈ ಅವರ ಮೇಜಿನ ಮೇಲೆ ನಡುಗಿದಾಗ ಮತ್ತೆ ಟಾನಿಕ್ಕನ್ನೇ ಏಕೆ ಬರೆದರು?

ತಡೆಯಲಾರದೆ ವೈದ್ಯರನ್ನೇ ಕೇಳಿಬಿಟ್ಟೆ. "ನೋಡಪ್ಪ, ಮರ್ಯಾದಸ್ಥರು ನೀವು. ಕುಡೀತೀಯಾ ಅಂತ ಕೇಳಿದ್ರೆ ನಾಳೆಯಿಂದ ಮನೆಮಂದಿಯೆಲ್ಲ ಬೇರೆ ಡಾಕ್ಟರ ಹತ್ರ ಹೋಗ್ತೀರ. ಅಲ್ದೆ, ಅದು ಕಾಯಿಲೆ ಅಲ್ಲ, ಚಟ" ಎಂದರು. ಸಿಹಿ ತಿಂದು ಸಕ್ಕರೆ ಏರಿದರೆ ಕಾಯಿಲೆ, ಬೀಡಿ ಸೇದಿ ಕೆಮ್ಮಿದರೆ ಕಾಯಿಲೆ, ಕುಡಿದು ಕೆಟ್ಟರೆ ಮಾತ್ರ ಚಟವೇ? ಇದು ಯಾವ ಶಾಸ್ತ್ರ, ಸ್ವಾಮಿ?

ಕೊನೆಗೆ ತಮ್ಮನೇ ನಾಚಿಕೆ ನುಂಗಿಕೊಂಡು ಬಾಯಿಬಿಟ್ಟ. "ಬೆಳಿಗ್ಗೆ ಎದ್ದ ಕೂಡ್ಲೇ ಬೇಕು ಸಾರ್. ಬಿಡಬೇಕು. ಏನಾದ್ರೂ ಮಾಡಿ." ವೈದ್ಯರು ಪೆನ್ನು ಮುಚ್ಚಿಟ್ಟರು. "ಮನಸ್ಸು ಗಟ್ಟಿ ಮಾಡ್ಕೊ. ನಾಳೆಯಿಂದ ಒಂದು ಹನಿ ಮುಟ್ಟಬೇಡ. ಇದಕ್ಕೆಲ್ಲ ಯಾಕೆ ಔಷಧ?" ನನ್ನ ತಮ್ಮ ಅಕ್ಷರಶಃ ಪಾಲಿಸಿದ. ಮೂರನೆಯ ದಿನ ಮಧ್ಯಾಹ್ನ, ಗಿರಾಕಿಯ ತಲೆಗೆ ನೀರು ಚಿಮುಕಿಸುತ್ತಿದ್ದವನು ಫಿಟ್ಸ್ ಬಂದು ಬಿದ್ದು ನಾಲಿಗೆ ಕಚ್ಚಿಕೊಂಡ. ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನೇ ಬೈದರು: "ಇಷ್ಟು ವರ್ಷ ಕುಡಿದವರು ಔಷಧಿ ಇಲ್ಲದೆ ಒಮ್ಮೆಲೇ ನಿಲ್ಸಬಾರದು ಕಣ್ರೀ, ಜೀವ ಹೋಗುತ್ತೆ. ಯಾರು ಹೇಳಿದ್ದು ನಿಮಗೆ?" ನಾಲ್ಕು ದಿನ ನೋಡಿಕೊಂಡು, ಮುಂದಿನ ಚಿಕಿತ್ಸೆ ಕುಟುಂಬ ವೈದ್ಯರಲ್ಲಿ ಎಂದು ಬರೆದು ಕಳಿಸಿದರು. ಆ ಕಾಗದ ಹಿಡಿದು ಹೋದರೆ ಇವರು, "ಇಂಥ ಕೇಸು ನಾನು ತಗೊಳಲ್ಲ. ಹೊರಗೆ ಹೆಂಗಸರು ಮಕ್ಕಳು ಕೂತಿರ್ತಾರೆ" ಎಂದು ಬಾಗಿಲು ತೋರಿಸಿದರು.

ತಮ್ಮ ಮತ್ತೆ ಕುಡಿಯುತ್ತಿದ್ದಾನೆ. ಅವನ ಕೈಯಿಂದ ಕತ್ತಿ ತೆಗೆದಿಟ್ಟಿದ್ದೇನೆ, ಕಸ ಗುಡಿಸುತ್ತಾನೆ. ಬೈದರೆ, "ಕುಡಿದಾಗ ಸಾಯ್ಲಿಲ್ಲ ಅಣ್ಣ, ಬಿಟ್ಟಾಗ ಸಾಯ್ತಿದ್ದೆ" ಎನ್ನುತ್ತಾನೆ. ಇದಕ್ಕೆ ಉತ್ತರ ನಿಮ್ಮ ಬಳಿ ಇದ್ದರೆ ಬರೆಯಿರಿ.

ನನ್ನ ಬೇಡಿಕೆ ಸ್ಪಷ್ಟವಾಗಿದೆ. ಪ್ರತಿಯೊಬ್ಬ ಕುಟುಂಬ ವೈದ್ಯರೂ ಮುಖ ನೋಡಿ ಕುಡಿತದ ಪ್ರಶ್ನೆ ಕೇಳಬೇಕು, ಬಿಡಿಸುವ ಚಿಕಿತ್ಸೆ ಕಲಿಯಬೇಕು, ಬಂದವರನ್ನು ಅಟ್ಟಬಾರದು ಎಂದು ಆದೇಶಿಸಿ. ಆದೇಶಕ್ಕೆ ಸಭೆ, ಸಭೆಗೆ ಸಮಿತಿ, ಸಮಿತಿಗೆ ವರ್ಷ ಬೇಕೆನ್ನುವಿರಾ? ಆಗಲಿ. ಈ ವಾರ ಇವನನ್ನು ಒಳಗೆ ಕರೆದು ಕೂರಿಸುವ ಒಬ್ಬ ವೈದ್ಯರ ವಿಳಾಸ ಕೊಡಿ. ಏಕೆಂದರೆ ನಿನ್ನೆ ಪೊರಕೆ ಹಿಡಿದು ನಿಂತವನು ತಾನಾಗಿಯೇ ಕೇಳಿದ: "ಸಾಯದ ಹಾಗೆ ಬಿಡ್ಸೋರು ಯಾರಾದ್ರೂ ಇದಾರಾ, ವಿಚಾರಿಸ್ತೀಯಾ ಅಣ್ಣ?"

ಇಂತಿ,
ಗಿರಾಕಿ ಕೈತಪ್ಪಿಯಾರೆಂದು ಅದೇ ವೈದ್ಯರ ಗಡ್ಡವನ್ನು ಇಂದಿಗೂ ಬಾಯಿ ಮುಚ್ಚಿಕೊಂಡು ತೆಗೆಯುತ್ತಿರುವ
ಒಬ್ಬ ಅಣ್ಣ