ಇಟ್ಟಿಗೆ ಮೈಯ ಆನೆ

ಮಾರ್ಚ್ ೫, ೧೯೮೫. ಮಂಗಳವಾರ

ಇದನ್ನು ಬರೆಯದೇ ಬಿಡುವವಳಿದ್ದೆ. ಮಗ ಜಯರಾಮನ ಕಿಂಡರ್‌ಗಾರ್ಟನ್ ಟೀಚರ್ ಮತ್ತೆ ಕರೆಸಿದ್ದರು. ಎಲೆಗೆ ಕಂದು ಬಳಿಯುತ್ತಾನೆ, ಕೆಂಪು ಕೇಳಿದರೆ ಹಸಿರು ಕ್ರೇಯಾನ್ ಕೊಡುತ್ತಾನೆ. ಈಗಂತೂ ಚಿತ್ರ ಬಿಡಿಸುವುದನ್ನೇ ಬಿಟ್ಟಿದ್ದಾನೆ. ಎರಡು ಭಾಷೆಯ ಗೊಂದಲವಂತೆ. ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂದರು. ಬರೆಯಲು ಹಿಂಜರಿದದ್ದು ಅದಕ್ಕಲ್ಲ — ನನಗೂ ಹೌದೆನ್ನಿಸಿದ್ದಕ್ಕೆ. ಕಾನ್ವೆಂಟಿನಲ್ಲಿ ಓದಿದವಳು… ಒಪ್ಪಿಕೊಂಡು ಬಂದೆ.

ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. "ಹಾಗಾದ್ರೆ ಮೈಸೂರಿಂದ ನಿಮ್ಮಪ್ಪ ಫೋನ್ ಮಾಡಿದ್ರೆ ಏನ್ ಮಾತಾಡ್ತಾನೆ? ವೆದರ್ರಾ?"

ಅವರ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದೆ.

ಮಾರ್ಚ್ ೯. ಶನಿವಾರ

ಲಾಸ್ ಆಲ್ಟೋಸ್‌ನಲ್ಲಿ ಗೆಳತಿ ನಿರುಪಮಾ ಮನೆ. ಅವಳ ಗಂಡ ಮ್ಯಾಕಿಂಟಾಷ್ ಕಂಪ್ಯೂಟರ್ ಕೊಂಡಿದ್ದಾನೆ. ಜಯರಾಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೌಸ್ ಹಿಡಿಸಿದಳು. ಪರದೆಯಲ್ಲಿ ಬರೀ ಕಪ್ಪು, ಬಿಳುಪು. ಬಣ್ಣದ ಬದಲು ಇಟ್ಟಿಗೆ, ಚುಕ್ಕೆ, ಗೀರು — ಬೇಕಾದ್ದನ್ನು ಒತ್ತಿ ತುಂಬಿಸಬಹುದು. ದೊಡ್ಡದೊಂದು ವೃತ್ತ ಎಳೆದ. ಒತ್ತಿದ. ಒಳಗೆಲ್ಲ ಇಟ್ಟಿಗೆ! ನಕ್ಕ. ಎಷ್ಟು ದಿನವಾಗಿತ್ತು…

"ಏನದು ಪುಟ್ಟಾ, ಮನೆನಾ?" ಎಂದೆ — ಇಂಗ್ಲಿಷ್ ಮರೆತು.

"ಸುಮ್ನಿರೇ ತಾಯಿ, ಮುಗಿಸ್ಲಿ! ನೀನೇನು ಎಕ್ಸಾಮಿನರ್ರಾ?" ನಿರುಪಮಾ ಗದರಿದಳು.

ಸುಮ್ಮನಿದ್ದೆ. ಕಷ್ಟವಾಯಿತು. ನಿಧಾನವಾಗಿ ಆ ವೃತ್ತಕ್ಕೆ ಸೊಂಡಿಲು ಬಂತು.

ಮಾರ್ಚ್ ೨೩. ಶನಿವಾರ

ಮನೆಯಲ್ಲಿ ಇಂಗ್ಲಿಷ್ ಮಾತ್ರ. ಮಗು ಮೊದಲಿಗಿಂತ ಮೌನಿ. ನಿರುಪಮಾ ಮನೆಯಲ್ಲಷ್ಟೇ ಬಾಯಿ ಬಿಡುವುದು. ಇವತ್ತು ಕಾಡು ಬರೆದ — ಚುಕ್ಕೆ ಎಲೆ, ಇಟ್ಟಿಗೆ ಮರ.

"ಕ್ರೇಯಾನ್‌ಗಿಂತ ಇದು ಯಾಕೋ ಇಷ್ಟ?" ಎಂದಳು ಅವಳು.

"ಐ ಡೋಂಟ್ ಹ್ಯಾವ್ ಟು ಗೆಸ್, ಆಂಟಿ."

ಊಹಿಸಬೇಕಾಗಿಲ್ಲವಂತೆ. ಹಾಗಾದರೆ ಇಷ್ಟು ದಿನ ಬಣ್ಣವನ್ನು ಊಹಿಸುತ್ತಿದ್ದನೇ?

ಮನೆಗೆ ಬಂದು ಟೊಮೇಟೊ ಇಟ್ಟೆ, ಕಾಯಿ, ಹಣ್ಣು ಬೆರೆಸಿ. ಹಣ್ಣು ಆರಿಸು ಎಂದೆ. ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದ.

ಅಪ್ಪ! ಮಾರ್ಕೆಟ್ಟಿನಲ್ಲಿ ಅಪ್ಪನೂ ಹೀಗೇ ಒತ್ತಿ ಒತ್ತಿ, ಆದರೂ ಕಾಯಿ ತಂದು, ಅಮ್ಮನಿಂದ ಬೈಸಿಕೊಳ್ಳುತ್ತಿದ್ದರು — "ಕಣ್ಣಿಲ್ವೇನ್ರೀ ನಿಮ್ಗೆ?"

ಏಪ್ರಿಲ್ ೨. ಮಂಗಳವಾರ

ಕಣ್ಣಿನ ಡಾಕ್ಟರ್. ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿ ಅವನಿಗೆ ಕಾಣಲಿಲ್ಲ. ಕೆಂಪು, ಹಸಿರಿನ ವ್ಯತ್ಯಾಸ ತಿಳಿಯದು, ಹುಟ್ಟಿನಿಂದಲೇ. ತಾಯಿಯ ಕಡೆಯಿಂದ ಬರುವುದಂತೆ. ಅಳಬೇಕಿತ್ತೇನೋ. ಹಗುರವಾಯಿತು — ತಪ್ಪೇ? ಪಾಪ, ಕನ್ನಡ ಏನೂ ಮಾಡಿರಲಿಲ್ಲ.

ಕಾರಿನಲ್ಲಿ "ಹಸಿವಾಯ್ತಾ ಪುಟ್ಟಾ?" ಎಂದೆ.

ನನ್ನ ಮುಖವನ್ನೇ ನೋಡಿದ. "ಅಮ್ಮ… ಕನ್ನಡ ಓಕೆನಾ?"

ಫ್ರೀವೇಗೆ ಹೋಗುವ ಮೊದಲು ಸ್ವಲ್ಪ ಹೊತ್ತು ಕಾರು ನಿಲ್ಲಿಸಬೇಕಾಯಿತು.

ಏಪ್ರಿಲ್ ೬. ಶನಿವಾರ, ಸಂಜೆ

ನಿರುಪಮಾಗೆ ಥ್ಯಾಂಕ್ಸ್ ಹೇಳಹೋದೆ. "ನಾನೇನೇ ಮಾಡ್ದೆ? ನಿನ್ ಬಾಯಿ ಮುಚ್ಚಿಸ್ದೆ, ಅಷ್ಟೇ." ಅಷ್ಟೇ ಅಲ್ಲ. ಮಗುವಿನ ಕೈಗೆ ಚಿತ್ರ ಮರಳಿ ಸಿಕ್ಕಿತು, ಬಾಯಿಗೆ ಮಾತೂ ಸಿಕ್ಕಿತು. ಇಷ್ಟನ್ನು ಅವಳೆದುರು ಹೇಳಲಾಗಲಿಲ್ಲ.

ಅವಳ ಪ್ರಿಂಟರ್ ಕಿರ್ರೆನ್ನುತ್ತ ಗೆರೆಗೆರೆಯಾಗಿ ಆನೆಯನ್ನು ಹೊರಗೆ ತಂದಿತು. ಇಟ್ಟಿಗೆ ಮೈ, ಚುಕ್ಕೆ ಕಿವಿ. ತಾತನ ಕಣ್ಣೂ ನಿನ್ನ ಹಾಗೇ ಇರಬೇಕು ಎಂದು ಜಯರಾಮನಿಗೆ ಹೇಳಿದ್ದೆನಲ್ಲ — ತಾತನಿಗೇ ಕಳಿಸಬೇಕಂತೆ. ಬಣ್ಣ ಹಚ್ಚಿಕೊಡಲಾ ಎಂದೆ. ನನಗೆ ಬುದ್ಧಿ ಬರುವುದೆಂದೋ.

"ಬೇಡ ಅಮ್ಮ. ಹೀಗೇ ಇರ್ಲಿ. ತಾತಂಗೆ ಎಲ್ಲಾ ಕಾಣತ್ತೆ."

ಕವರಿನ ಮೇಲೆ ಅಪ್ಪನ ವಿಳಾಸ ಬರೆದೆ. ಪೋಸ್ಟಾಫೀಸು ಮುಚ್ಚಿದೆ. ಸೋಮವಾರ, ಏಪ್ರಿಲ್ ೮ಕ್ಕೆ, ಇಬ್ಬರೂ ಹೋಗಿ ಹಾಕಿ ಬರಬೇಕು.